ಶಲ್ಯದ ಕೆಳಗಿನ ಮಾತು

ಗಜೇಂದ್ರಗಡ
21 ನವೆಂಬರ್ 1954

ಅಕ್ಕನಿಗೆ ನಿನ್ನ ಹಾಲಸಿದ್ದನ ನಮಸ್ಕಾರ.

ಇಲ್ಲಿ ನಾವು ಗಂಡ ಹೆಂಡತಿ, ನಾನೂ ಶೇಖವ್ವನೂ, ಆರಾಮ ಇದ್ದೇವೆ. ಚಿಕ್ಕನರಗುಂದದಲ್ಲಿ ಹತ್ತಿ ಗಿಡ ಈಗ ಮೊಣಕಾಲು ಮುಟ್ಟಿರಬೇಕು. ಮಾವ ಈಗಲೂ ಬನ್ನಿಗಿಡದ ನೆರಳಲ್ಲಿ ಮಲಗಿಯೇ ಒಕ್ಕಲುತನ ಮಾಡುತ್ತಾರೋ ಹೇಗೆ? ನಾನು ಕೇಳಿದೆನೆಂದು ಹೇಳು, ಸಿಟ್ಟಾಗಲಿಕ್ಕಿಲ್ಲ.

ಮೊನ್ನೆ ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಕುಳಿತಲ್ಲೇ ನಿದ್ದೆ ಹತ್ತಿತು. ಸುಗ್ಗಿ ಇನ್ನೂ ದೂರ. ಓಣಿಯಲ್ಲಿ ಒಂದು ಗಾಡಿಯೂ ಇರಲಿಲ್ಲ, ಗುಡ್ಡದ ಕಡೆಯಿಂದ ಸಣ್ಣಗೆ ಗಾಳಿ ಬರುತ್ತಿತ್ತು. ಕನಸಿನಲ್ಲಿ ಪೇಟೆ ತುಂಬ ಕೈಗಳು, ಮುಖ ಒಂದೂ ಇಲ್ಲ. ಉಂಗುರ ಹಾಕಿದ ಕೈ, ತಂಬಾಕಿನ ವಾಸನೆಯ ಕೈ, ಜ್ವರದಿಂದ ಎದ್ದವನ ಬಿಸಿ ಕೈ. ಎಲ್ಲವೂ ನನ್ನ ಕಡೆಗೇ ಬರುತ್ತಿದ್ದವು. ನಾನು ಒಂದೊಂದನ್ನೂ ಹಿಡಿದು ಇದು ಇಂಥವರದು ಎಂದು ಹೆಸರು ಹೇಳುತ್ತಿದ್ದೆ. ಬಾಯಿಂದಲೇ ಹೇಳುತ್ತಿದ್ದೆ, ಅಕ್ಕಾ. ಒಂದು ಹೆಸರೂ ತಡೆಯಲಿಲ್ಲ. ಎಚ್ಚರವಾದಾಗ ಎಷ್ಟು ಬೇಜಾರಾಯಿತೆಂದರೆ ಮತ್ತೆ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕುಳಿತೆ.

ನನ್ನ ಕೆಲಸವನ್ನು ನಿನಗೆ ಎಂದೂ ಬಿಡಿಸಿ ಹೇಳಿಲ್ಲ. ಒಕ್ಕಲಿಗರ ಗಾಡಿ ನಮ್ಮ ಗುರುಸಂಗಪ್ಪ ಸಾಹುಕಾರರ ಅಡತಿ ದಲಾಲಿ ಅಂಗಡಿಗೆ ಬಂದು ನಿಲ್ಲುತ್ತದೆ. ಹತ್ತಿ ಕೊಳ್ಳುವ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ನಾನು ಹೆಗಲ ಮೇಲಿನ ಶಲ್ಯವನ್ನು ಬಲಗೈ ಮೇಲೆ ಇಳಿಬಿಡುತ್ತೇನೆ. ವ್ಯಾಪಾರಿ ಅದರ ಕೆಳಗೆ ಕೈ ತೂರಿಸಿ ನನ್ನ ಬೆರಳು ಒತ್ತುತ್ತಾನೆ. ಇಷ್ಟು ಬೆರಳಿಗೆ ಇಷ್ಟು ರೂಪಾಯಿ, ಅರ್ಧ ಬೆರಳಿಗೆ ಎಂಟಾಣೆ. ನಾನೂ ಒತ್ತಿ ಕೇಳುತ್ತೇನೆ, ಇನ್ನಷ್ಟು ಏರುತ್ತೀಯಾ ಎಂದು. ಎಲ್ಲರದೂ ಮುಗಿದ ಮೇಲೆ ಹೆಚ್ಚು ಒತ್ತಿದವನಿಗೆ ಮಾಲು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಈ ಕೆಲಸಕ್ಕೆ ಮಾತು ಬೇಕಿಲ್ಲ. ಬಾಯಿ ತೆರೆದರೆ ನಾನು ಎಂಥವನೆಂದು ನಿನಗೆ ಗೊತ್ತೇ ಇದೆ. ಶಲ್ಯದ ಕೆಳಗೆ ಮಾತ್ರ ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಉಗ್ಗಿಲ್ಲ.

ಈಗ ಇದೆಲ್ಲ ಬಂದ್ ಆಗುತ್ತದೆ. ಸರಕಾರ ಊರ ಹೊರಗೆ ದೊಡ್ಡ ಯಾರ್ಡು ಕಟ್ಟಿಸುತ್ತಿದೆ. ಬರುವ ಯುಗಾದಿಯಿಂದ ಹತ್ತಿಯೆಲ್ಲ ಅಲ್ಲಿಯೇ, ಎಲ್ಲರೆದುರು ಲಿಲಾವಿನಲ್ಲಿ ಕೂಗಿ ಮಾರಬೇಕಂತೆ. ಪ್ರತಿ ಅಂಗಡಿಯವರೂ ತಮ್ಮ ಒಬ್ಬ ಮನುಷ್ಯನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಕೂಗಿಸಬೇಕಂತೆ. ಶಲ್ಯದೊಳಗೆ ಕೈ ಕಂಡರೆ ಲೈಸನ್ಸು ಹೋಯಿತು. ಗುರುಸಂಗಪ್ಪ ಸಾಹುಕಾರರು ನಿನ್ನೆ ಕರೆದು, ‘ನಮ್ಮ ಅಂಗಡಿಗೆ ಕೂಗಾವ ಅಂದ್ರ ನೀನ, ಹಾಲಸಿದ್ದಪ್ಪ. ಬ್ಯಾರೇದವನ್ನ ಎಲ್ಲಿಂದ ತರ್ಲಿ?’ ಎಂದರು. ನಕ್ಕು ಹೊರಗೆ ಬಂದೆ.

ಕೊಳ್ಳುವವನೂ ಮಾರುವವನೂ ಒಪ್ಪಿದ ಮೇಲೆ ನಡುವೆ ಸರಕಾರಕ್ಕೇನು ಕೆಲಸ? ಇದೇ ಸರಕಾರ ಕಂಟ್ರೋಲ್ ಕಾಲದಲ್ಲಿ ನಿಮ್ಮ ನೆಲದೊಳಗಿನ ಹಗೇವು ತೆಗೆಸಿ ಜೋಳ ಅಳೆದುಕೊಂಡು ಹೋಯಿತಲ್ಲ? ಈ ವರ್ಷ ಜೋಳವನ್ನು ಬಿಟ್ಟಿತು, ಬಿಟ್ಟ ಕೈ ಸುಮ್ಮನಿರಲಾರದೆ ಹತ್ತಿಯನ್ನು ಹಿಡಿಯಿತು. ವ್ಯಾಪಾರಿ ತನ್ನ ಮನಸ್ಸಿನ ದರವನ್ನು ನಾಲ್ಕು ಜನರೆದುರು ಆಡಲಾರ, ನಂಬಿದವನ ಕೈಯಲ್ಲಿ ಆಡಿಯಾನು. ಅದನ್ನು ಕಾಯ್ದೆ ಬರೆಯುವವರಿಗೆ ಯಾರು ಹೇಳಬೇಕು?

ಲಗೂ ಉತ್ತರ ಬರಿ.

ನಿನ್ನ ತಮ್ಮ
ಹಾಲಸಿದ್ದಪ್ಪ

*

ಚಿಕ್ಕನರಗುಂದ
5 ಡಿಸೆಂಬರ್ 1954

ತಮ್ಮ ಹಾಲಸಿದ್ದನಿಗೆ ಅಕ್ಕನ ಆಶೀರ್ವಾದ. ಶೇಖವ್ವನಿಗೂ ಹೇಳು.

ನಿನ್ನ ಪತ್ರವನ್ನು ನಿಮ್ಮ ಮಾವನಿಗೆ ಓದಿ ಹೇಳಿದೆ. ಬನ್ನಿಗಿಡದ ಮಾತು ಬಂದಾಗ ಮಲಗಿದ್ದವರು ಎದ್ದು ಕುಳಿತು, ‘ಬರೀ ನಿನ್ನ ತಮ್ಮಗ, ನೆರಳ ಇಲ್ದ ಒಕ್ಕಲತನ ಆಗೂದಿಲ್ಲ ಅಂತ’ ಎಂದು ಮತ್ತೆ ಮಲಗಿದರು.

ಕಾಯ್ದೆಯ ಸುದ್ದಿ ಓದಿ ನನಗೆ ಸಂತೋಷವಾಯಿತು. ನೀನು ಬೈದಷ್ಟೂ ಸಂತೋಷ ಹೆಚ್ಚಾಯಿತು. ಯಾಕೆ ಎಂದು ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದು.

ಹೋದ ಸುಗ್ಗಿಯಲ್ಲಿ ಇವರಿಗೆ ಮೈಯಲ್ಲಿ ಆರಾಮ ಇರಲಿಲ್ಲ. ಗಾಡಿಯ ಜೊತೆ ನಾನೇ ನರಗುಂದದ ಪೇಟೆಗೆ ಹೋಗಿದ್ದೆ. ಆಳು ಹೊಳಿಯಪ್ಪ ಎತ್ತು ಬಿಟ್ಟ, ನಾನು ಹತ್ತಿ ತುಂಬಿದ ಅಂಡಿಗೆ ಚೀಲಗಳ ಪಕ್ಕದಲ್ಲಿ ಸೆರಗು ಹೊದ್ದು ನಿಂತೆ. ಬಿಸಿಲು ಎಷ್ಟಿತ್ತೆಂದರೆ ಪೇಟೆಯೆಲ್ಲ ನೀರಿನೊಳಗೆ ಇದ್ದ ಹಾಗೆ ಅಲುಗುತ್ತಿತ್ತು. ದಲಾಲ ಬಂದ, ವ್ಯಾಪಾರಿ ಬಂದ. ನನ್ನ ಅಂಡಿಗೆಯಿಂದ ಒಂದು ಹಿಡಿ ಹತ್ತಿ ಕಿತ್ತು, ಎಳೆ ಜಗ್ಗಿ ನೋಡಿ, ಗಾಳಿಗೆ ಬಿಟ್ಟರು. ಆಮೇಲೆ ಶಲ್ಯದೊಳಗೆ ಕೈ ಹಾಕಿದರು. ವ್ಯಾಪಾರಿ ಏನೋ ಒತ್ತಿದ, ದಲಾಲ ನಕ್ಕ. ಇಬ್ಬರೂ ನಕ್ಕರು. ಬಿತ್ತಿ, ಕಳೆ ತೆಗೆದು, ಉಗುರು ಹರಿಯುವ ತನಕ ಬಿಡಿಸಿದ ನನ್ನ ಹತ್ತಿಯಲ್ಲಿ ನಗುವಂಥದ್ದು ಏನಿತ್ತು ಎಂದು ಇವತ್ತಿನವರೆಗೂ ನನಗೆ ಗೊತ್ತಿಲ್ಲ. ದರ ಎಷ್ಟು ಎಂದು ಕೇಳಿದೆ. ‘ಆಮ್ಯಾಲ ಹೇಳ್ತೀವಿ ತಾಯಿ, ನೆರಳಿಗೆ ಕುಂದರ್ರಿ’ ಅಂದರು.

ಕೊಳ್ಳುವವನೂ ಮಾರುವವನೂ ಒಪ್ಪಿದ ಮೇಲೆ ಎಂದು ಬರೆದಿದ್ದೀಯಲ್ಲ, ಮಾರುವವಳು ನಾನು. ಆ ಶಲ್ಯದೊಳಗೆ ನನ್ನ ಕೈ ಇರಲಿಲ್ಲ.

ಜೋಳ ಒಯ್ದಾಗ ನಾನೂ ಸರಕಾರಕ್ಕೆ ಶಾಪ ಹಾಕಿದ್ದೇನೆ. ಅಂದು ದರವನ್ನು ಸರಕಾರವೇ ಇಟ್ಟಿತ್ತು, ಅದು ಬರೀ ಒಯ್ಯುವ ದರವಾಗಿತ್ತು. ಈಗ ದರ ಇಡುವುದಿಲ್ಲ, ಶಲ್ಯ ತೆಗೆಯಿರಿ ಎನ್ನುತ್ತದೆ ಅಷ್ಟೇ. ಏರುವವರು ಏರಲಿ, ಇಳಿಯುವವರು ಇಳಿಯಲಿ, ನಮ್ಮ ಕಿವಿಗೆ ಬೀಳಲಿ. ಇವೆರಡೂ ಒಂದೇ ಎಂದು ನೀನು ಹೇಗೆ ಬರೆದೆ? ದಲಾಲರಿಗೆ ಬಯಲು ಕಂಡರೆ ಆಗುವುದಿಲ್ಲ ಎಂದು ಜನ ಅನ್ನುತ್ತಾರೆ. ನನ್ನ ತಮ್ಮ ಅಂಥ ದಲಾಲನಲ್ಲ ಎಂದುಕೊಂಡಿದ್ದೆ.

ಎಳ್ಳಮಾಸಿಗೆ ಬರಲು ಆಗುವುದಿಲ್ಲವೇ? ಎಣ್ಣೆಗಾಯಿ ಪಲ್ಯ ಮಾಡುತ್ತೇನೆ.

ನಿನ್ನ ಅಕ್ಕ
ರೇಣವ್ವ

*

ಗಜೇಂದ್ರಗಡ
29 ಡಿಸೆಂಬರ್ 1954

ಅಕ್ಕಾ,

ಎಳ್ಳಮಾಸಿಗೆ ಬರಲಿಲ್ಲ. ಸಿಟ್ಟು ಬಂದಿತ್ತು ಎಂದು ಬರೆದುಬಿಡುತ್ತೇನೆ. ನೀನು ಹಾಳೆಯ ನಾಲ್ಕು ಮಗ್ಗಲು ಬರೆದಿದ್ದೀ. ನರಗುಂದದ ದಲಾಲ ನಕ್ಕಿದ್ದು ಬರೆದೆ, ಸರಕಾರದ ನ್ಯಾಯ ಬರೆದೆ. ನನ್ನ ನಾಲಿಗೆಯ ಬಗ್ಗೆ ಒಂದು ಸಾಲಿಲ್ಲ. ನಾನು ಬಯಲಿಗೆ ಅಂಜುವುದು ಮೋಸ ಮುಚ್ಚಿಡಲಿಕ್ಕೆ ಎಂದುಕೊಂಡೆಯಾ? ನಿನ್ನ ಹತ್ತಿಯ ಮುಂದೆ ನಕ್ಕವರು ತಪ್ಪು ಮಾಡಿದರು, ಒಪ್ಪುತ್ತೇನೆ. ನನಗೆ ಕಟ್ಟೆ ಹತ್ತಿ ಕೂಗಲು ಬಾರದು, ಬಾರದಿದ್ದರೆ ಈ ಅಂಗಡಿಯಲ್ಲಿ ನನಗೆ ಜಾಗವಿಲ್ಲ. ನನ್ನ ಸಂಕಟ ಇಷ್ಟೇ.

ಹಬ್ಬದ ದಿನ ಊರವರೆಲ್ಲ ಭೂತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರು. ನಾನು ಒಬ್ಬನೇ ಗುಡ್ಡ ಹತ್ತಿದೆ. ಮೇಲಿನಿಂದ ಎರೆಭೂಮಿ ಎಲ್ಲ ಒಂದೇ ಹಾಸು, ಅಲ್ಲಲ್ಲಿ ಬಣ್ಣದ ಸೀರೆಗಳು ಕಾಳಿನಷ್ಟು ಕಾಣುತ್ತಿದ್ದವು. ಹೊಸ ಯಾರ್ಡಿನ ಗೋಡೆ ಬಿಳಿಯದಾಗಿ ಕಾಣುತ್ತಿತ್ತು. ಅದರ ಕಡೆ ಮುಖ ಮಾಡಿ ನಿಂತು ಕೂಗಿದೆ. ನೂರಾ ಎಂಟು, ಒಂದು ಸಲ. ನೂರಾ ಎಂಟು, ಎರಡು ಸಲ. ನೂರಾ ಎಂಟು, ಮೂರು ಸಲ. ಬಂತು, ಅಕ್ಕಾ! ಪೂರಾ ಬಂತು. ಎದುರಿನ ಗುಡ್ಡ ತಿರುಗಿ ಹೇಳಿತು. ನನಗೆ ಕಣ್ಣಲ್ಲಿ ನೀರು ಬಂತು. ನೂರಾ ಒಂಬತ್ತು, ನೂರಾ ಹತ್ತು ಎಂದು ದರ ಏರಿಸುತ್ತಾ ಹೋದೆ. ಆ ಹೊತ್ತು ಇಡೀ ಮುಂಬಯಿ ಸೀಮೆಯ ಹತ್ತಿಯನ್ನು ನಾನೇ ಮಾರಿದೆ ಎಂದು ತಿಳಿ.

ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಒಂದು ರುಮಾಲು ಎದ್ದಿತು. ಕುರಿ ಕಾಯುವ ಮುದುಕ. ‘ಯಾರನ್ನ ಕರ್ಯಾಕ್ಹತ್ತೀರಿ?’ ಎಂದ. ಯಾರನ್ನೂ ಇಲ್ಲ ಎನ್ನಬೇಕು. ಯಾ ಎನ್ನುವಲ್ಲೇ ಹಿಡಿಯಿತು. ಮುದುಕನಿಗೆ ಕರುಣೆ ಬಂದು ತಾನೇ ಮುಗಿಸಿದ: ‘ಎತ್ತ ಕಳದಾವೇನ್ರಿ?’ ಇಲ್ಲ ಎನ್ನುವುದಕ್ಕಿಂತ ಹೌದೆಂದು ತಲೆ ಹಾಕುವುದು ಸುಲಭ. ತಲೆ ಹಾಕಿದೆ. ಪಾಪ, ಕುರಿಯನ್ನು ನಾಯಿಗೆ ಬಿಟ್ಟು ನನ್ನ ಜೊತೆ ಹೊರಟ. ಹೊತ್ತು ಮುಳುಗುವವರೆಗೂ ನಾವಿಬ್ಬರೂ ಗುಡ್ಡದ ತುಂಬ ನನ್ನ ಎತ್ತು ಹುಡುಕಿದೆವು. ನನಗೆ ಎತ್ತೇ ಇಲ್ಲ. ಕೊನೆಕೊನೆಗೆ ನನಗೂ ಅವು ಇರಬಹುದು ಅನ್ನಿಸಿತು, ಒಂದು ಬಿಳಿಯದು, ಒಂದು ಕಂದು. ಇಳಿಯುವಾಗ ಅವನು ‘ಸಿಗತಾವ ತಗೋರಿ, ಎಲ್ಲಿ ಹೋಗತಾವ’ ಎಂದು ಸಮಾಧಾನ ಹೇಳಿದ.

ನಗಬೇಕೆಂದರೆ ನಗು. ಶೇಖವ್ವನೂ ನಕ್ಕಳು. ಆಮೇಲೆ ಒಲೆಯ ಕಡೆ ತಿರುಗಿ ಕುಳಿತಳು.

ಹಾಲಸಿದ್ದಪ್ಪ

*

ಚಿಕ್ಕನರಗುಂದ
17 ಜನವರಿ 1955

ನನ್ನ ತಮ್ಮಾ,

ನಕ್ಕೆ. ನಿಮ್ಮ ಮಾವ ಇನ್ನೂ ನಗುತ್ತಿದ್ದಾರೆ, ದಿನಾ ಸಂಜೆ ‘ಎತ್ತ ಸಿಕ್ಕುವಂತೇನ?’ ಎಂದು ಕೇಳುತ್ತಾರೆ. ನಕ್ಕ ಮೇಲೆ ನಾನು ಹಿತ್ತಲಿಗೆ ಹೋಗಿ ಅತ್ತೆ.

ನಿನ್ನ ನಾಲಿಗೆಯ ಬಗ್ಗೆ ಬರೆಯದೆ ಇದ್ದದ್ದು ಮರೆತು ಅಲ್ಲ. ನೀನು ಸಣ್ಣವನಿದ್ದಾಗ ಅವ್ವ ನನ್ನನ್ನು ಪಡಸಾಲೆಗೆ ಕರೆದು, ‘ಅವನ ಮುಂದ ಅದರ ಮಾತ ತಗೀಬ್ಯಾಡ, ಕೂಸು ಮನಸಿಗೆ ಹಚ್ಚಿಕೊಂತದ’ ಎಂದಿದ್ದಳು. ಅವ್ವ ಹೋಗಿ ಇಷ್ಟು ವರ್ಷವಾದರೂ ಆ ಮಾತು ಮೀರಲು ನನಗೆ ಧೈರ್ಯ ಬಂದಿರಲಿಲ್ಲ. ಈಗ ನೀನೇ ತೆಗೆದಿದ್ದೀ, ಆದ್ದರಿಂದ ಬರೆಯುತ್ತೇನೆ.

ಈ ಪತ್ರದ ಜೊತೆ ಬಜೆ ಬೇರು ಕಳಿಸಿದ್ದೇನೆ. ದಿನಾ ಮುಂಜಾನೆ ತೇದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚು. ಇನ್ನೊಂದು ಉಪಾಯ, ಹಾಡು. ಸಣ್ಣವನಿದ್ದಾಗ ಅಬ್ಬಿಗೇರಿಯ ತವರುಮನೆಯಲ್ಲಿ ಭಜನೆಗೆ ಕುಳಿತರೆ ನೀನು ಒಂದಕ್ಷರ ತಪ್ಪುತ್ತಿರಲಿಲ್ಲ. ದರವನ್ನೂ ಹಾಡಿಬಿಡು. ಯಾವ ರಾಗದಲ್ಲಿ ಹಾಡಿದರೇನು, ರೂಪಾಯಿ ರೂಪಾಯಿಯೇ.

ಗುಡ್ಡದ ಮೇಲೆ ಬಂದ ಮಾತು ಕೆಳಗೂ ಬಂದೀತು. ನಿನಗೆ ಇರುವುದು ಅಂಜಿಕೆ ಮಾತ್ರ. ಮೊದಲ ದಿನ ಕಟ್ಟೆ ಹತ್ತಿದರೆ ಎಲ್ಲ ಬಿಟ್ಟು ಹೋಗುತ್ತದೆ ನೋಡು.

ಹತ್ತಿ ಕಾಯಿ ಕಟ್ಟಿದೆ. ಮಧ್ಯಾಹ್ನ ಹೊಲದ ನಡುವೆ ನಿಂತರೆ ಒಳಗೊಳಗೇ ಏನೋ ಬಿರಿಯುವ ಸಪ್ಪಳ ಕೇಳಿದ ಹಾಗಾಗುತ್ತದೆ. ಇನ್ನೂ ಬಿರಿಯುವ ಹೊತ್ತಲ್ಲ, ನನಗೇ ಹಾಗೆ ಕೇಳುತ್ತದೆ.

ಅಕ್ಕ

*

ಗಜೇಂದ್ರಗಡ
24 ಫೆಬ್ರುವರಿ 1955

ಅಕ್ಕಾ,

ಬಜೆ ಬೇರಿನಿಂದ ನಾಲಿಗೆ ಸುಟ್ಟಿತು, ಉಗ್ಗು ಹೋಗಲಿಲ್ಲ. ಹಾಡಿದರೆ ಮಾತು ಬರುತ್ತದೆ, ನಿಜ. ಒಂದು ದಿನ ಹತ್ತಿ ಜಿನ್ನಿನ ಗಿರಣಿಯ ಹಿಂದಿನ ಓಣಿಯಲ್ಲಿ ಯಾರೂ ಇಲ್ಲವೆಂದು ನೂರಾ ಹನ್ನೆರಡು ರೂಪಾಯಿಯನ್ನು ಭಜನೆಯ ಧಾಟಿಯಲ್ಲಿ ಹಾಡುತ್ತಿದ್ದೆ. ಹಮಾಲರು ಬಂದು ಕೈಮುಗಿದು ನಿಂತರು. ಆ ದಾರಿ ಅಲ್ಲಿಗೇ ಬಿಟ್ಟೆ.

ಮೊದಲ ಕೊಯ್ಲಿನ ಗಾಡಿಗಳು ಬರುತ್ತಿವೆ. ಯುಗಾದಿಯ ತನಕ ಹಳೆಯ ಪದ್ಧತಿಯೇ. ಓಣಿಯ ತುಂಬ ಹತ್ತಿಯ ಎಳೆ ಹಾರಾಡುತ್ತದೆ. ಎಲ್ಲರ ಹುಬ್ಬು, ಮೀಸೆ ಬೆಳ್ಳಗಾಗಿ, ನಮ್ಮ ಓಣಿಯವರೆಲ್ಲ ಒಂದೇ ದಿನದಲ್ಲಿ ಮುದುಕರಾದಂತೆ ಕಾಣುತ್ತಾರೆ.

ನಿನ್ನೆ ಅಲ್ಲಾಸಾಬರು ಬಂದಿದ್ದರು. ನಮ್ಮಲ್ಲಿ ಹೆಚ್ಚು ಹತ್ತಿ ಕೊಳ್ಳುವವರು ಅವರೇ. ಅವರ ಕೈ ನನಗೆ ನನ್ನ ಕೈಗಿಂತ ಚೆನ್ನಾಗಿ ಗೊತ್ತು. ಅವರ ಮಗಳು ತೀರಿಕೊಂಡ ವಾರ ಅವರು ಬಂದು ಬೆರಳು ಒತ್ತಿದಾಗಲೇ ನನಗೆ ತಿಳಿದಿತ್ತು, ಬಾಯಿಂದ ಹೇಳಿದ್ದು ಆಮೇಲೆ. ನಿನ್ನೆ ದರ ಮುಗಿಯಿತು. ಮಾಲು ಅವರದಾಯಿತು. ಆದರೂ ಅವರು ಕೈ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಬಿಸಿಲಲ್ಲಿ ಹಾಗೇ ನಿಂತೆವು. ಎತ್ತಿನ ಗಂಟೆಯ ಸಪ್ಪಳ ಎಲ್ಲೋ ಬೇರೆ ಊರಿನಲ್ಲಿ ಆದಂತೆ ಕೇಳುತ್ತಿತ್ತು. ಕಡೆಗೆ ಅವರು, ‘ಇನ್ನ ಮ್ಯಾಲ ದೂರಿಂದ ನೋಡೂದ ಆತಲ್ಲ, ಹಾಲಸಿದ್ದಣ್ಣ’ ಎಂದರು. ನೀನು ಬೈದ ಶಲ್ಯದ ಕೆಳಗೆ ಇಂಥದ್ದೂ ಇತ್ತು, ಅಕ್ಕಾ. ಇದನ್ನೂ ಬರೆದಿಡಬೇಕೆನ್ನಿಸಿತು.

ಮತ್ತೊಂದು. ಸಾಹುಕಾರರಿಗೆ, ಕೂಗಲು ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಅವರು ರೋಣದಿಂದ ಗ್ಯಾನಪ್ಪ ಎಂಬವನನ್ನು ಗೊತ್ತು ಮಾಡಿದ್ದಾರೆ. ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡುವವನಂತೆ, ಕೂಗಿದರೆ ಬಸ್ ನಿಲ್ಲುತ್ತದೆ. ನನಗೆ ಗೋದಾಮಿನಲ್ಲಿ ಅಂಡಿಗೆ ಹೊಲಿಯುವ ಕೆಲಸ. ನೆರಳಿದೆ, ಯಾರೂ ಮಾತಾಡಿಸುವುದಿಲ್ಲ. ಮಾವನಿಗೆ ಹೇಳು, ನನಗೂ ಒಂದು ಬನ್ನಿಗಿಡ ಸಿಕ್ಕಿತು ಎಂದು.

ಈ ವಿಷಯಕ್ಕೆ ಉತ್ತರ ಬರೆಯಬೇಡ.

ಹಾಲಸಿದ್ದಪ್ಪ

*

ಚಿಕ್ಕನರಗುಂದ
28 ಮಾರ್ಚ್ 1955
ಹೊಳಿಯಪ್ಪನ ಕೈಯಲ್ಲಿ ಕಳಿಸಿದ್ದು

ಹಾಲಸಿದ್ದಾ,

ಬರೆಯಬೇಡ ಎಂದೆ, ಒಂದು ತಿಂಗಳು ಬರೆಯಲಿಲ್ಲ. ಈಗ ನಮ್ಮ ಈ ವರ್ಷದ ಹತ್ತಿ ಪೂರ್ತಿ ಮೂರು ಗಾಡಿಯಲ್ಲಿ ಹೇರಿ ನಿನ್ನ ಬಾಗಿಲಿಗೆ ಕಳಿಸಿದ್ದೇನೆ. ನರಗುಂದ ಮಗ್ಗುಲಲ್ಲೇ ಇರುವಾಗ ರೋಣದಲ್ಲಿ ವಸ್ತಿ ಮಾಡಿ ಎರಡು ದಿನದ ದಾರಿ ಯಾಕೆ ಎಂದು ಊರವರು ನಕ್ಕರು. ನಿಮ್ಮ ಮಾವ ತಾವೇ ಎದ್ದು ಹಗ್ಗ ಬಿಗಿದರು.

ಇದನ್ನು ನೀನು ಕೂಗಿ ಮಾರಬೇಕು. ಬೇರೆ ಯಾರಾದರೂ ಕೂಗಿದರೆ ಗಾಡಿ ತಿರುಗಿಸಿಕೊಂಡು ಬಾ ಎಂದು ಹೊಳಿಯಪ್ಪನಿಗೆ ಹೇಳಿದ್ದೇನೆ. ತಿರುಗಿ ಬಂದರೆ ಅಂಗಳದಲ್ಲಿ ಬಿದ್ದಿರಲಿ, ಅಡ್ಡಮಳೆ ಬಂದರೆ ತೊಯ್ಯಲಿ. ನನಗೆ ಹಟವಿದೆ, ನಿನಗೂ ಗೊತ್ತು.

ದರ ಬಿದ್ದರೆ ಬೀಳಲಿ. ನೀನು ಬೀಳಬೇಡ.

ನಾನು ಬರುವುದಿಲ್ಲ. ಯಾಕೆ ಎಂದು ಕೇಳಬೇಡ.

ಅಕ್ಕ

*

ಚಿಕ್ಕನರಗುಂದ
7 ಏಪ್ರಿಲ್ 1955

ತಮ್ಮಾ,

ಗಾಡಿ ಬರಿದಾಗಿ ಬಂದವು, ಹಣ ಬಂತು. ನಿನ್ನಿಂದ ನಾಲ್ಕು ಸಾಲು ಬರಲಿಲ್ಲ. ಹೊಳಿಯಪ್ಪನನ್ನು ಮನೆಯ ಕಟ್ಟೆಯ ಮೇಲೆ ಕೂಡ್ರಿಸಿ ಕೇಳಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಏನ ಹೇಳ್ಲಿ ಅವ್ವಾರ. ನಮಗಿಂತ ಮೊದಲ ಆ ಗ್ಯಾನಪ್ಪ ಕೂಗಿದ. ಏನ ಗಂಟಲ್ರೀ ಅದು! ಒಂದ ಎರಡ ಮೂರ ಅಂತ ಒಂದ ಉಸಿರಿನಾಗ ಅಂದ, ಮಾಲ ಹೋತು. ಮಾಲ ತಂದಿದ್ದ ಸವಡಿ ಗೌಡ್ರ ಇನ್ನೂ ಬಾಯಿ ತಕ್ಕೊಂಡ ನಿಂತಿದ್ರು. ಆಮ್ಯಾಲ ನಿಮ್ಮ ತಮ್ಮನಾರು ಕಟ್ಟಿ ಹತ್ತಿದ್ರು. ಒಂದ ಸಲ ಅಂದ್ರು, ಎರಡ ಸಲ ಅಂದ್ರು, ಮೂ ಅಂದ್ರು, ನಿಂತ್ರು. ನನ್ನ ಜೀಂವ ಬಾಯಿಗೆ ಬಂತು. ಅಷ್ಟರಾಗ ಹಿಂದಿನವ ಒಬ್ಬ, ಎಂಟಾಣೆ ಮ್ಯಾಲ ಅಂದ! ಮತ್ತ ಒಂದ ಸಲ, ಎರಡ ಸಲ, ಮೂ ಅಂತ ನಿಂತ್ರು. ಮತ್ತೊಬ್ಬ ಒಂದ ರೂಪಾಯಿ ಏರಿಸಿದ. ಹಿಂಗ ಏರಿಸಿ ಏರಿಸಿ, ವ್ಯಾಪಾರಿಗಳಿಗೆ ಬೆವರ ಬಿಟ್ಟು ಬಿಟ್ಟಿತ್ರಿ. ಭಾಳ ಶಾಣ್ಯಾ ಅದಾರ್ರೀ ನಿಮ್ಮ ತಮ್ಮನಾರು. ಬೇಕಂತ ತಡೀತಿದ್ರು. ಯಾರಿಗೂ ಗೊತ್ತಾಗಲಿಲ್ಲ, ನನಗ ಗೊತ್ತಾತು.’

ಇದು ಖರೇನಾ? ನೀನು ಬೇಕೆಂತಲೇ ತಡೆದೆಯಾ? ಊರೆಲ್ಲ ಹೊಳಿಯಪ್ಪ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದಾನೆ. ನಿಮ್ಮ ಮಾವ, ‘ಮಗಾ ದಲಾಲ ಅಂದ್ರ ದಲಾಲ’ ಎಂದು ಹೆಮ್ಮೆಪಡುತ್ತಾರೆ. ಹಣ ನನ್ನ ಕೈಯಲ್ಲಿದೆ, ಹೋದ ವರ್ಷಕ್ಕಿಂತ ಹೆಚ್ಚಿದೆ. ಅದನ್ನು ನೋಡಿದಾಗೆಲ್ಲ ಆ ಕಟ್ಟೆಯ ಮೇಲೆ ನೀನು ಹೇಗೆ ನಿಂತಿದ್ದಿರಬೇಕು ಎಂದೇ ಅನ್ನಿಸುತ್ತದೆ. ನಾನು ಕಳಿಸಬಾರದಿತ್ತೇನೋ. ನಿನ್ನನ್ನು ನಗೆಪಾಟಲು ಮಾಡಿದೆನೇನೋ. ಬೈದಾದರೂ ಬರಿ.

ಅಕ್ಕ

*

ಗಜೇಂದ್ರಗಡ
14 ಏಪ್ರಿಲ್ 1955

ಅಕ್ಕಾ,

ಬರೆಯಲಿಲ್ಲ, ತಪ್ಪಾಯಿತು. ದಿನಾ ಸಂಜೆ ಹಾಳೆ ಹಾಸಿಕೊಂಡು ಕೂಡ್ರುತ್ತಿದ್ದೆ. ಆ ದಿನ ನಡೆದದ್ದು ಕನಸಿನ ಹಾಗೆ ಕೈಗೆ ಸಿಕ್ಕದೆ ಜಾರಿ ಹೋಗುತ್ತಿತ್ತು. ಬರೆದರೆ ಕೆಟ್ಟೀತು ಎಂಬ ಭಯವೂ ಇತ್ತು.

ಮೊದಲು ಪೇಟೆಯ ಸುದ್ದಿ ಹೇಳುತ್ತೇನೆ. ವ್ಯಾಪಾರಿಗಳು ಮರುದಿನವೇ ಮಾರ್ಕೆಟ್ ಕಮಿಟಿಯ ಸೆಕ್ರೆಟರಿ ಸಾಹೇಬರ ಹತ್ತಿರ ದೂರು ಒಯ್ದರು. ಗುರುಸಂಗಪ್ಪನವರ ಮನುಷ್ಯ ನಾಟಕ ಮಾಡಿ ದರ ಏರಿಸುತ್ತಾನೆ, ಇದು ಮುಕ್ತ ವ್ಯಾಪಾರವಲ್ಲ ಎಂದು. ಸಾಹೇಬರು ಕಾಯ್ದೆಯ ಪುಸ್ತಕ ತೆಗೆದು ಹಿಂದೆ ಮುಂದೆ ತಿರುವಿ, ‘ಮೂರು ಸಲ ಕೂಗಬೇಕು ಅಂತ ಐತಿ. ಎಷ್ಟೊತ್ತಿನ್ಯಾಗ ಕೂಗಬೇಕು ಅಂತ ಎಲ್ಲೂ ಬರದಿಲ್ಲ’ ಎಂದರು. ನಾನು ಇಷ್ಟು ಬೈದ ಕಾಯ್ದೆ ನನ್ನ ಪರವಾಗಿ ಮಾತಾಡಿತು ನೋಡು. ಈಗ ಒಕ್ಕಲಿಗರು ಮುಂಜಾನೆಯೇ ಬಂದು ನಮ್ಮ ಕಟ್ಟೆಯ ಮುಂದೆ ಗಾಡಿ ಹಚ್ಚುತ್ತಾರೆ. ಗ್ಯಾನಪ್ಪನನ್ನು ಶೇಂಗಾ ಕೂಗಲಿಕ್ಕೆ ಹಾಕಿದ್ದಾರೆ. ಅಲ್ಲಾಸಾಬರು ಕೆಲವು ದಿನ ಮಾತು ಬಿಟ್ಟಿದ್ದರು. ನಿನ್ನೆ ಯಾರ್ಡಿನ ಬಾಗಿಲಲ್ಲಿ ಸಿಕ್ಕಿ, ‘ಭಾಳ ತುಟ್ಟಿ ಆದ್ಯಲ್ಲ ಮಾರಾಯಾ ನೀ’ ಎಂದು ನಕ್ಕು ಹೋದರು. ಕೈ ಕೊಡಲಿಲ್ಲ. ನನ್ನ ಕೈ ತಾನಾಗಿ ಮುಂದೆ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡೆ. ನಿನ್ನ ಕಾಯ್ದೆಯಿಂದ ನನಗೆ ಆದ ನಷ್ಟ ಅದೊಂದು. ಅದು ಸಣ್ಣದಲ್ಲ.

ಬೇಕೆಂತಲೇ ತಡೆದೆಯಾ ಎಂದು ಕೇಳಿದ್ದೀ. ಪೇಟೆಯೆಲ್ಲ ಹಾಗೇ ತಿಳಿದಿದೆ. ಸಾಹುಕಾರರು ಬೆನ್ನು ಚಪ್ಪರಿಸಿ, ‘ಈ ಹಿಕಮತ್ತು ಎಲ್ಲಿ ಮುಚ್ಚಿಟ್ಟಿದ್ದಿ?’ ಎಂದರು. ಹೌದು ಎಂದು ತಲೆ ಹಾಕಿದರೆ ನನಗೇ ಮರ್ಯಾದೆ. ಹಾಕಿಯೂ ಹಾಕಿದ್ದೇನೆ. ನಿನಗೆ ಮಾತ್ರ ಹಾಗೆ ಬರೆಯಲಾರೆ. ನಾನು ತಡೆಯಲಿಲ್ಲ, ಅಕ್ಕಾ. ತಡೆದದ್ದು ನಾಲಿಗೆ.

ಹೊಳಿಯಪ್ಪ ಹೇಳದೆ ಇದ್ದದ್ದನ್ನು ಈಗ ಹೇಳುತ್ತೇನೆ. ನಿನ್ನ ಪತ್ರ ಓದಿದ ಮೇಲೆ ನಾನು ಗೋದಾಮಿನಲ್ಲಿ ದಬ್ಬಣ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಹೊರಗೆ ನಿನ್ನ ಗಾಡಿಗಳು ನಿಂತಿದ್ದವು. ಹಗ್ಗದ ಗಂಟು ಮಾವನದೇ ಎಂದು ಗುರುತು ಹತ್ತಿತು. ಎದ್ದೆ. ಯಾರ್ಡಿಗೆ ಹೋಗಿ ಸಾಹುಕಾರರಿಗೆ ಏನೂ ಹೇಳದೆ ಕಟ್ಟೆ ಹತ್ತಿದೆ. ಏನಾದರೂ ಹೇಳಲು ಹೋಗಿದ್ದರೆ ಅಲ್ಲೇ ಹೊತ್ತಾಗುತ್ತಿತ್ತು.

ಮೇಲೆ ನಿಂತಾಗ ಬಿಸಿಲಿಗೆ ಯಾರ್ಡೆಲ್ಲ ಬಿಳಿ ಬಿಳಿ. ಮುಖಗಳು ಸರಿಯಾಗಿ ಕಾಣಲಿಲ್ಲ. ದರ ಬಂತು, ಒಂದು ಸಲ ಎಂದೆ, ಎರಡು ಸಲ ಎಂದೆ. ಮೂ ಎನ್ನುವಲ್ಲಿ ಹಿಡಿಯಿತು. ಒಬ್ಬ ಎಂಟಾಣೆ ಏರಿಸಿದ. ಅದು ನನಗೆ ಲಾಭವೆಂದು ತೋಚಲೇ ಇಲ್ಲ, ಮತ್ತೆ ಮೊದಲಿನಿಂದ ಹೇಳಬೇಕಲ್ಲ ಎಂದಷ್ಟೇ ಅನ್ನಿಸಿತು. ಮತ್ತೆ ಹಿಡಿಯಿತು, ಮತ್ತೆ ಏರಿತು. ಅಂಗಿ ಬೆನ್ನಿಗೆ ಅಂಟಿತು. ಎಷ್ಟು ಸಲ ಹೀಗಾಯಿತೋ ನೆನಪಿಲ್ಲ. ಕಡೆಗೆ ಅಲ್ಲಾಸಾಬರ ದರದ ಮೇಲೆ ಬಂದು ನಿಂತಿತು. ಯಾರೂ ಮೇಲೆ ಹೋಗಲಿಲ್ಲ. ಒಂದು, ಎರಡು ಆಯಿತು. ಮೂ ಎಂದು ನಿಂತೆ. ಈ ಸಲ ಮುಂದಿನ ಅಕ್ಷರ ಬರಲೇ ಇಲ್ಲ. ಅಲ್ಲಾಸಾಬರಿಗೆ ನನ್ನ ಪಾಡು ನೋಡಲಾಗಲಿಲ್ಲ. ಪ್ರೀತಿಯಿಂದಲೇ, ‘ಮೂರು’ ಎಂದು ನನ್ನ ಪರವಾಗಿ ಅಂದುಬಿಟ್ಟರು.

ಮೊದಲೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಹುಟ್ಟಿದಾಗಿನಿಂದ ನನ್ನ ಮಾತನ್ನು ಯಾರಾದರೂ ಮುಗಿಸಿಕೊಟ್ಟಿದ್ದಾರೆ. ಅವ್ವ ಮುಗಿಸಿದಳು, ಶೇಖವ್ವ ಮುಗಿಸುತ್ತಾಳೆ, ಸಾಲಿಯಲ್ಲಿ ಮಾಸ್ತರರು ಮುಗಿಸಿದರು. ಎಲ್ಲರಿಗಿಂತ ಹೆಚ್ಚು ನೀನು ಮುಗಿಸಿದೆ. ನಾನು ‘ನೀ’ ಎನ್ನುವಷ್ಟರಲ್ಲಿ ನೀನು ನೀರಿನ ತಂಬಿಗೆ ತಂದು ಇಡುತ್ತಿದ್ದೆ. ಅನೇಕ ಸಲ ನನಗೆ ಬೇಕಾದದ್ದು ನೀರಲ್ಲ. ಆದರೂ ಕುಡಿಯುತ್ತಿದ್ದೆ. ನೀನು ಯಾಕೆ ಬರಲಿಲ್ಲ ಎಂದು ನನಗೆ ಕಟ್ಟೆಯ ಮೇಲೆ ತಿಳಿಯಿತು. ನೀನು ಅಲ್ಲಿ ಇದ್ದಿದ್ದರೆ ಅಲ್ಲಾಸಾಬರಿಗಿಂತ ಮೊದಲು ನಿನ್ನ ಬಾಯಿಂದ ಬಂದಿರುತ್ತಿತ್ತು.

ಆದರೆ ಲಿಲಾವು ನೋಡಲು ನಿಂತಿದ್ದ ಸೆಕ್ರೆಟರಿ ಸಾಹೇಬರು ಕೈ ಎತ್ತಿದರು. ‘ಇಲ್ಲ ಅಲ್ಲಾಸಾಬ್. ನೀವು ಕೊಳ್ಳಾವರು. ಮೂರು ಅನ್ನೂ ಹಕ್ಕು ಕೂಗಾವರದು. ಅವರ ಬಾಯಿಂದ ಬಂದ್ರಷ್ಟ ಮಾಲು ಹೋತು. ಅಲ್ಲಿತನಕ ಎಲ್ಲಾರೂ ಸುಮ್ಮನಿರ್ರಿ’ ಎಂದರು.

ಸುಮ್ಮನಾದರು, ಅಕ್ಕಾ. ಇಡೀ ಯಾರ್ಡು ಸುಮ್ಮನಾಯಿತು. ಹಮಾಲರು ಹೊತ್ತ ಅಂಡಿಗೆಯನ್ನು ಹೊತ್ತುಕೊಂಡೇ ನಿಂತರು. ನನ್ನ ನಾಲಿಗೆ ಎಡವಿತು, ಎದ್ದಿತು, ಮತ್ತೆ ಎಡವಿತು. ಯಾರೂ ನಗಲಿಲ್ಲ, ಯಾರೂ ಮುಂದಿನ ಅಕ್ಷರ ಕೊಡಲಿಲ್ಲ, ಕೊಡಲು ಯಾರಿಗೂ ಹಕ್ಕಿರಲಿಲ್ಲ. ನಾನು ಏನು ಹೇಳುತ್ತೇನೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ನನಗಾಗಿ ಕಾದರು.

ಆಮೇಲೆ ನಾನೇ ಅಂದೆ, ಮೂರು ಎಂದು.

ನಿನ್ನ
ಹಾಲಸಿದ್ದ